ದೋಣಿ ಯಾರದು

“ದೋಣಿ ಇಟ್ಕೊಂಡಿರೋ ಯಜಮಾನ್ರು ನೀವು. ಪುಕ್ಕಟೆ ಅಕ್ಕಿಗೆ ಸೆರಗೊಡ್ಡಿ ನಿಂತಿದ್ದೀರಲ್ರೀ, ನಾಚಿಕೆ ಆಗಲ್ವಾ?”

ಗುಮಾಸ್ತ ಇದನ್ನು ಮೈಕಿನಲ್ಲೇ ಹೇಳಿದ. ಮೈಕು ತಂದಿದ್ದು ದೂರ ದೂರ ನಿಲ್ಲಿ ಎಂದು ಕೂಗುವುದಕ್ಕೆ. ಈಗ ಅದು ಶಾಲೆಯ ಅಂಗಳದಲ್ಲಿ ಸುಣ್ಣದ ವೃತ್ತಗಳೊಳಗೆ ನಿಂತಿದ್ದ ಅಷ್ಟೂ ಜನಕ್ಕೆ ಅಂಬಿಗನ ಮಾನ ಹಂಚಿತು. ಅಕ್ಕಿಗಿಂತ ಮೊದಲು ಹಂಚಿದ್ದು ಅದನ್ನೇ.

ಅಂಬಿಗ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡ. “ಒಂದೇ ದೋಣಿ ಸಾರ್. ಅದೂ ದಡದ ಮೇಲೆ ಬಿದ್ದಿದೆ. ನಾನೇ ಹುಟ್ಟು ಹಾಕೋದು, ನಾನೇ ನೀರು ಮೊಗೆದು ಚೆಲ್ಲೋದು. ಕೈ ಕೆಳಗೆ ಒಂದು ನಾಯೀನೂ ಇಲ್ಲ.”

“ಆದ್ರೂ ಮಾಲೀಕ ಮಾಲೀಕನೇ. ಪಟ್ಟಿಯಲ್ಲಿ ಕೂಲಿಕಾರರು ಅಂತ ಇದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ್ರೆ ಇದೇ ನೋಡು. ಮೊದ್ಲು ಜುಟ್ಟು ಬೋಳಿಸ್ಕೊಂಡು ಬಾ.”

“ಅಂದ್ರೆ?”

“ನಾನು ಇಂಥವರ ಕೂಲಿ ಅಂತ ಯಾರ ಹತ್ರನಾದ್ರೂ ಒಂದು ಚೀಟಿ ಬರೆಸ್ಕೊಂಡು ಬಾ. ನಡಿ, ಮುಂದಿನವರು!”

ಮುಂದಿನವನು ಬುಟ್ಟಿ ಹೆಣೆಯುವ ಮುದುಕ. ಅವನನ್ನೂ ಅವನ ಬಿದಿರ ಹೊರೆಯನ್ನೂ ಅಂಬಿಗ ಅದೆಷ್ಟು ವರ್ಷ ಒಂದು ಕಾಸೂ ಕೇಳದೆ ದಾಟಿಸಿದ್ದನೋ. “ಯಜಮಾನ್ರೇ, ಸ್ವಲ್ಪ ಸರೀರಿ. ಬಡವರಿಗೆ ದಾರಿ ಬಿಡಿ” ಎಂದು ಮುದುಕ ನಕ್ಕ. ವೃತ್ತಗಳಲ್ಲಿ ನಿಂತವರೆಲ್ಲ ನಕ್ಕರು. ಹಸಿದವರ ನಗು, ಒಬ್ಬ ಕಡಿಮೆಯಾದನಲ್ಲ ಎಂಬ ನಗು. ಅಂಬಿಗ ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಗೇಟು ದಾಟಿದ.

*

ಅಕ್ಕಿಯಿಲ್ಲದ ಸಂಕಟ ಒಂದು ತೂಕವಾದರೆ ದೋಣಿಯ ಸಂಕಟ ಇನ್ನೊಂದು ತೂಕ. ಮರದ ದೋಣಿ ನೀರಲ್ಲಿದ್ದರೇ ಬದುಕು. ದಡದ ಮೇಲೆ ಬಿಸಿಲಿಗೆ ಬಿದ್ದರೆ ಹಲಗೆ ಒಣಗಿ ಮುದುಡುತ್ತದೆ, ಸಂದಿ ಬಾಯಿ ಬಿಡುತ್ತದೆ, ತುರುಕಿದ ನಾರು ಉದುರುತ್ತದೆ. ಆಮೇಲೆ ಅದು ಸೌದೆ. ಲಾಕ್‌ಡೌನಿಗೆ ದೋಣಿಗಳನ್ನೆಲ್ಲ ನೀರಿನಿಂದ ಮೇಲಕ್ಕೆಳೆಯಬೇಕೆಂದು ಅಪ್ಪಣೆ ಮಾಡಿದವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೂ ಅದು ಅವರ ಹಲಗೆಯಲ್ಲ.

ಹಾಗಾಗಿ ಮಾರನೆಯ ಬೆಳಿಗ್ಗೆ ಅಂಬಿಗ ಬಕೆಟ್ಟು ಹಿಡಿದು ಹೊಳೆಗೆ ಇಳಿದ. ಹತ್ತು ಬಕೆಟ್ಟು ಹೊಯ್ಯುವಷ್ಟರಲ್ಲಿ ಹಿಂದೆ ಸೀಟಿ ಕೇಳಿತು.

“ಏನೋ ಮಾಡ್ತಿದ್ದೀಯ ಇಲ್ಲಿ?”

“ದೋಣಿಗೆ ನೀರು ಹಾಕ್ತಿದ್ದೀನಿ ಸಾರ್.”

“ದೋಣಿಗೆ ನೀರಾ?” ಪೊಲೀಸಿನವನು ಜೊತೆಯವನ ಕಡೆ ತಿರುಗಿದ. “ಕೇಳಿಸ್ಕೊಂಡ್ಯಾ? ಬೋಳಿಮಗ ದೋಣಿಗೆ ನೀರು ಹಾಕ್ತಾನಂತೆ. ಏನೋ, ಚಿಗುರುತ್ತಾ ಅದು? ಕಾಯಿ ಬಿಡುತ್ತಾ?”

“ಒಣಗಿದ್ರೆ ಒಡೆದುಹೋಗುತ್ತೆ ಸಾರ್…”

“ಹೊಡೀ ಬಸ್ಕಿ. ಕಿವಿ ಹಿಡ್ಕೊ. ಜೋರಾಗಿ ಎಣಿಸು.”

ಐವತ್ತರ ಮೇಲೆ ಆರು ವರ್ಷದ ಮೈ. ಮೂವತ್ತಕ್ಕೆ ಉಟ್ಟ ಪಂಚೆ ಸಡಿಲವಾಯಿತು. ಕಿವಿಯಿಂದ ಕೈ ತೆಗೆದು ಪಂಚೆ ಹಿಡಿದದ್ದಕ್ಕೆ ಮತ್ತೆ ಒಂದರಿಂದ ಎಣಿಸಬೇಕಾಯಿತು. ಜೊತೆಯ ಪೊಲೀಸಿನವನು ಫೋನು ಎತ್ತಿ ಹಿಡಿದಿದ್ದ.

ಅಂಬಿಗ ಮನೆ ಮುಟ್ಟುವ ಮೊದಲೇ ಅವನ ಬಸ್ಕಿ ಮನೆ ಮುಟ್ಟಿತ್ತು. ಹೊಸ್ತಿಲಲ್ಲಿ ಕೂತಿದ್ದ ಮುದಿ ತಾಯಿ ಕತ್ತೆತ್ತಿ, “ಪಕ್ಕದ ಮನೆಯವಳ ಫೋನಲ್ಲಿ ನೀನು ಕುಣೀತಿದ್ದೀಯಂತಲ್ಲೋ. ನಂಗೂ ತೋರ್ಸು ಅಂದೆ. ಬೇಡ ಅಜ್ಜಿ ಅಂದ್ಲು” ಎಂದಳು. ಒಲೆಯ ಮುಂದಿದ್ದ ಹೆಂಡತಿ ತಿರುಗಲಿಲ್ಲ. ಒಲೆಯಲ್ಲಿ ಬೆಂಕಿಯಿರಲಿಲ್ಲ. ಸುಮ್ಮನೆ ಬೂದಿ ಕೆದಕುತ್ತಿದ್ದಳು.

*

ಇಟ್ಟಿಗೆ ಭಟ್ಟಿಯ ಧಣಿ ಅಂಬಿಗನನ್ನು ಗೋದಾಮಿನ ಒಳಕ್ಕೆ ಬಿಡಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ, ಗಿಡಕ್ಕೆ ಔಷಧಿ ಹೊಡೆಯುವ ಪಂಪಿನಿಂದ ಬ್ಲೀಚಿಂಗ್ ನೀರನ್ನು ನೆತ್ತಿಯಿಂದ ಪಾದದವರೆಗೆ ಹೊಡೆಸಿದ. ಕಣ್ಣು ಉರಿಯುತ್ತಿದ್ದಾಗಲೇ ಮಾತು ಶುರುವಾಯಿತು.

“ಚೀಟಿ ತಾನೇ? ಕೊಡೋಣ. ನಿನ್ನಂಥವನಿಗೆ ಕೊಡದೆ ಇನ್ಯಾರಿಗೆ ಕೊಡ್ಲಿ? ದೋಣಿ ನಂದು, ನೀನು ದಿನಗೂಲಿ. ನಂಗೆ ಸಾಮಾನು ಸಾಗಿಸೋ ಪಾಸು ಇದೆ. ದೋಣಿ ನೀರಿಗೂ ಇಳಿಯುತ್ತೆ, ನಿನ್ನ ಹೊಟ್ಟೆಗೂ ಬೀಳುತ್ತೆ. ರೋಗ ಹೋಗೋವರೆಗೆ ಅಷ್ಟೇ ಕಣೋ. ನಿನ್ನ ಮುರುಕು ದೋಣಿ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ?”

ಅಂಬಿಗ ಕಾಗದದ ಕೆಳಗೆ ರುಜು ಮಾಡಲು ಪೆನ್ನಿಗೆ ಕೈ ಚಾಚಿದ. ನಾಲ್ಕನೇ ಕ್ಲಾಸು ಓದಿದವನು. ಹೆಸರು ಬರೆಯಲು ಬರುತ್ತಿತ್ತು.

“ಪೆನ್ನು ಮುಟ್ಟಬೇಡ. ಹೆಬ್ಬೆಟ್ಟು ಒತ್ತು. ಕೂಲಿ ಅಂದ್ಮೇಲೆ ಹೆಬ್ಬೆಟ್ಟೇ ಚೆಂದ.”

ಒತ್ತಿದ. ನೀರಿಗಿಳಿದ ಮೇಲೆ ಚಳಿಯೇನು ಎಂದು ತನಗೆ ತಾನೇ ಹೇಳಿಕೊಂಡ. ಮಧ್ಯಾಹ್ನ ಗುಮಾಸ್ತ ಚೀಟಿ ನೋಡಿ, “ಹಾಂ, ಈಗ ನೋಡು ಮನುಷ್ಯ ಆದೆ” ಎಂದು ಅಕ್ಕಿ, ಬೇಳೆ, ಎಣ್ಣೆ ಕೊಟ್ಟು ಫೋಟೋ ತೆಗೆಸಿಕೊಂಡ. ಆ ರಾತ್ರಿ ಮನೆಯಲ್ಲಿ ಅನ್ನವಾಯಿತು. ಅಕ್ಕಿ ಹೇಗೆ ಸಿಕ್ಕಿತು ಎಂದು ಹೆಂಡತಿ ಕೇಳಿದಾಗ, “ಗುಮಾಸ್ತನಿಗೆ ಬುದ್ಧಿ ಬಂತು” ಎಂದ.

*

ಭಟ್ಟಿ ಇದ್ದದ್ದು ಆಚೆ ದಡದಲ್ಲಿ. ಲಾಕ್‌ಡೌನಿಗೆ ಬೆಂಕಿ ಆರಿಸಿದ್ದರು, ಆದರೆ ಆಳುಗಳನ್ನು ಬಿಟ್ಟಿರಲಿಲ್ಲ. ಹೋದವರು ತಿರುಗಿ ಬರುತ್ತಾರೆಂಬ ನಂಬಿಕೆ ಧಣಿಗಿರಲಿಲ್ಲ. ಸೇತುವೆಗೆ ಬೇಲಿ ಹಾಕಿ ಪೊಲೀಸರು ಕೂತಿದ್ದರಿಂದ ಹೊಳೆಯೇ ಧಣಿಗೆ ಪುಕ್ಕಟೆ ಗೋಡೆಯಾಗಿತ್ತು. ಅಂಬಿಗನಿಗೆ ಹೇಳಿದ ಮಾತು ಒಂದೇ: “ಹೋಗ್ತಾ ನುಚ್ಚಿನ ಮೂಟೆ, ಬರ್ತಾ ಇಟ್ಟಿಗೆ. ಸಾಮಾನಿಗೆ ಪಾಸು, ಜನಕ್ಕಿಲ್ಲ. ಒಂದು ನರಪಿಳ್ಳೆ ದಾಟಿದ್ರೂ ಗಂಟು ಮೂಟೆ ಕಟ್ಟೋದು ನೀನು.”

ಮೊದಲ ದಿನ ಅಂಬಿಗ ಇಟ್ಟಿಗೆ ತುಂಬಿಸಿಕೊಂಡು, ದಡದಿಂದ ದೋಣಿ ತಳ್ಳುವ ಬಿದಿರ ಗಳ ಕೈಗೆತ್ತಿಕೊಂಡ. ಭಟ್ಟಿಯವರು ಗುಂಪಾಗಿ ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬ ಹೆಂಗಸು, ಇಟ್ಟಿಗೆ ಹೊರುವವಳು, ಮಂಡಿಯುದ್ದ ನೀರಿಗಿಳಿದು ಬಂದು ದೋಣಿಯ ಅಂಚು ಹಿಡಿದಳು.

“ಅಣ್ಣಾ, ನನ್ನೊಬ್ಬಳನ್ನ ದಾಟಿಸು. ಊರಲ್ಲಿ ಮಗಳನ್ನ ನಮ್ಮಮ್ಮನ ಹತ್ರ ಬಿಟ್ಟು ಬಂದಿದ್ದೆ. ಅಮ್ಮ ಹೋಗಿ ನಾಲ್ಕು ದಿನ ಆಯ್ತಂತೆ. ರೋಗದ ಮನೆ ಅಂತ ಯಾರೂ ಒಳಗೆ ಕಾಲಿಡ್ತಿಲ್ಲ. ಆರು ವರ್ಷದ್ದು ಅಣ್ಣಾ, ಮನೇಲಿ ಒಂಟಿಯಾಗಿದೆ. ಕಿಟಕಿಯಿಂದ ರೊಟ್ಟಿ ಎಸೀತಾರಂತೆ.”

“ಕೈ ಬಿಡವ್ವ.”

“ಇಟ್ಟಿಗೆ ಮೇಲೆ ಮಲಗ್ತೀನಿ. ಚೀಲ ಹೊದಿಸು. ಯಾರಿಗೂ ಕಾಣಲ್ಲ.”

“ದೋಣಿ ನಂದಲ್ಲ ತಾಯಿ, ಧಣಿದು. ನಾನು ಕೂಲಿ.”

ಎಷ್ಟು ಸಲೀಸಾಗಿ ಬಂತು ಆ ಮಾತು! ಗುಮಾಸ್ತನ ಮುಂದೆ ಬಾರದ್ದು, ಧಣಿಯ ಮುಂದೆ ಹೆಬ್ಬೆಟ್ಟಿನಲ್ಲಷ್ಟೇ ಬಂದದ್ದು, ಈ ಹೆಂಗಸಿನ ಮುಂದೆ ಎಣ್ಣೆ ಹಚ್ಚಿದ ಹಾಗೆ ಜಾರಿಬಂತು.

ದಡದ ಮೇಲಿನ ಮೇಸ್ತ್ರಿ ಕೂಗಿದ: “ಏಯ್ ಕೂಲಿ! ಹಾಕು ಆ ಮುಂಡೆ ಕೈಗೊಂದು. ಅವಳೊಬ್ಬಳು ಹತ್ತಿದ್ರೆ ಎಲ್ಲಾ ಹತ್ತುತ್ತಾವೆ.”

ಅಂಬಿಗ ಗಳ ಎತ್ತಿದ. ಹೆದರಿಸಲು ಎತ್ತಿದ್ದು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ. ಅವಳು ಹೆದರಲಿಲ್ಲ. ಗಳ ಇಳಿಯಿತು. ಹಸಿ ಸೌದೆ ಮುರಿದಂಥ ಸದ್ದು. ಅವಳು ಕೂಗಲೂ ಇಲ್ಲ. ಬೆರಳುಗಳನ್ನು ಬಾಯೊಳಗೆ ಇಟ್ಟುಕೊಂಡು ಅವನನ್ನೇ ನೋಡಿದಳು. ಮೇಸ್ತ್ರಿ “ಭೇಷ್” ಎಂದ.

*

ಮನೆಗೆ ಬಂದಾಗ ಹೆಂಡತಿ ಒಗೆದ ಬಟ್ಟೆಯ ಬುಟ್ಟಿಯನ್ನು ಅಂಗಳದಲ್ಲಿ ಇಳಿಸುತ್ತಿದ್ದಳು.

“ಹೊಳೆ ಕಡೆ ಹೋಗಿದ್ದೆ” ಎಂದಳು. “ನಮ್ಮ ದೋಣಿ ಮೂತಿಗೆ ಭಟ್ಟಿ ಗುರುತು ಬಳಿದಿದ್ದಾರೆ. ಕೆಂಪು ಬಣ್ಣ. ಯಾರು ಬಳಿದದ್ದು?”

ಅವನು ಕಾಲು ತೊಳೆಯಲು ಕೂತ.

“ಮಾತಾಡು. ನಡು ಹಲಗೆ ನಾಲ್ಕೂ ನನ್ನ ಕಿವಿದು. ಓಲೆ ಬಿಚ್ಚಿ ಕೊಟ್ಟ ದಿನ ಏನಂದೆ? ಇದು ನಿನ್ನ ದೋಣಿ, ನಾನು ಬರೀ ಅಂಬಿಗ ಅಂದೆ. ಈಗ ನನ್ನ ಕಿವಿ ಕಿತ್ತು ಅವನಿಗೆ ಕೊಟ್ಟು ಬಂದ್ಯಾ? ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?”

“ಅಮ್ಮ ಹಸಿದಿದ್ಲು ಕಣೇ.”

“ನನ್ನ ಸುದ್ದಿಗೆ ಬರಬೇಡ” ಎಂದಳು ಹೊಸ್ತಿಲಲ್ಲಿದ್ದ ತಾಯಿ. ಬೇಡದ್ದೆಲ್ಲ ಅವಳಿಗೆ ಕೇಳಿಸುತ್ತಿತ್ತು. “ನಾನು ಹಸಿವು ನೋಡದವಳೇನೋ?”

ಹೆಂಡತಿಗೆ ಚೀಟಿಯ ಸಂಗತಿ ಹೇಳಿದ. ಹೆಬ್ಬೆಟ್ಟಿನ ಸಂಗತಿಯನ್ನೂ ಹೇಳಿದ. ಹೆಂಗಸಿನ ಬೆರಳಿನ ಸಂಗತಿಯನ್ನು ಮಾತ್ರ ಹೇಳಲಿಲ್ಲ. ಬಡಿಸಿಟ್ಟ ಅನ್ನ ಕಲಸಿದ. ಕಲಸುತ್ತಲೇ ಇದ್ದ. ತನ್ನ ಬೆರಳುಗಳನ್ನು ನೋಡುತ್ತಾ ಕೂತವನ ತಟ್ಟೆಯನ್ನು ಹೆಂಡತಿಯೇ ಎತ್ತಿಟ್ಟಳು.

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಧಣಿಯ ಕಡೆಯವನು ಕರೆಯಲು ಬಂದಾಗ ಒಳಗಿನಿಂದಲೇ “ಜ್ವರ” ಎಂದ. ಬಂದವನು ಬೇಲಿಯಿಂದ ಮೂರು ಮಾರು ಹಿಂದೆ ಹಾರಿ, “ಸಾಯಿ ಅಲ್ಲೇ” ಎಂದು ಓಡಿದ. ನಕ್ಕದ್ದು ಮುದುಕಿ ಒಬ್ಬಳೇ. ಅಂಬಿಗ ಇಡೀ ದಿನ ಗೋಡೆಗೆ ಮುಖ ಹಾಕಿ ಮಲಗಿದ್ದ. ಆರು ವರ್ಷದ್ದಕ್ಕೆ ಕಿಟಕಿ ಎಟಕುತ್ತದೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಸಂಜೆ ಎದ್ದು ಕೂತು ಹೆಂಡತಿಗೆ ಎಲ್ಲ ಹೇಳಿದ. ಅವಳು ಗೋಡೆಗೆ ಒರಗಿಸಿದ್ದ ಹುಟ್ಟನ್ನು ತಂದು ಅವನ ಮುಂದಿಟ್ಟಳು.

“ದೋಣಿ ಹೋಗುತ್ತೆ” ಎಂದ.

“ಹೋಗ್ಲಿ” ಎಂದಳು. “ಈಗ ಇದೆ ಅಂತ ಯಾರಂದ್ರು?”

*

ಬೆಳಿಗ್ಗೆ ಹತ್ತು ಗಂಟೆ. ಕದ್ದು ಹೋಗಲಿಲ್ಲ. ನುಚ್ಚಿನ ಮೂಟೆ ಹತ್ತಿಸಲು ಕಾದಿದ್ದವರ ಎದುರಿಗೇ ಹಗ್ಗ ಬಿಚ್ಚಿ ಹೊರಟ. ಆಚೆ ದಡ ಮುಟ್ಟಿ, “ಹತ್ಕೊಳ್ರಪ್ಪ” ಎಂದು ಒಂದೇ ಮಾತು ಕೂಗಿದ. ಮೇಸ್ತ್ರಿ ದೊಣ್ಣೆ ಹಿಡಿದು ಬಂದ. ಭಟ್ಟಿಯ ಹೆಂಗಸರು ಎಂಟು ಮಂದಿ ಅವನ ಸುತ್ತ ನಿಂತು ಕೆಮ್ಮತೊಡಗಿದರು. ಬೇಕೆಂದೇ, ಮುಖದ ಹತ್ತಿರವೇ. ಮೇಸ್ತ್ರಿ ಮೂಗು ಮುಚ್ಚಿಕೊಂಡು ಓಡಿದ. ಗಂಟು, ಪಾತ್ರೆ, ಮಕ್ಕಳು ದೋಣಿ ತುಂಬಿದವು. ಉಳಿದವರಿಗೆ ಇನ್ನೊಂದು ಸಲ ಬರುತ್ತೇನೆ ಎಂದ. ಇನ್ನೊಂದು ಸಲ ಇದೆಯೆಂದು ಅವನೂ ನಂಬಿರಲಿಲ್ಲ, ಅವರೂ ನಂಬಲಿಲ್ಲ.

ಈಚೆ ದಡದಲ್ಲಿ ಪೊಲೀಸ್ ಜೀಪು ಬಂದು ನಿಂತಿತು. ಹೊಳೆ ಅಲ್ಲಿ ಅಗಲವಿರಲಿಲ್ಲ. ಮೈಕಿನ ಮಾತು ಸ್ಪಷ್ಟವಾಗಿ ಕೇಳಿತು.

“ಏಯ್! ಯಾರದೋ ಅದು ದೋಣಿ?”

ಧಣಿ ಜೀಪಿನ ಪಕ್ಕದಲ್ಲಿ ನಿಂತು ಕೈ ಅಡ್ಡ ಆಡಿಸುತ್ತಿದ್ದ: ನಂದಲ್ಲ, ನಂದಲ್ಲ. ಚೀಟಿಯನ್ನು ಅವನು ಅಷ್ಟರಲ್ಲಿ ಹರಿದು ಹಾಕಿದ್ದರೂ ಹಾಕಿರಬಹುದು.

“ನಂದು!” ಎಂದು ಅಂಬಿಗ ಕೂಗಿದ. ಗಂಟಲು ಹರಿಯುವಂತೆ ಕೂಗಿದ. “ದೋಣಿ ನಂದು! ನಾನೇ ಮಾಲೀಕ!”

ಎದೆಯ ಮೇಲಿನ ಕಲ್ಲು ಯಾರೋ ಎತ್ತಿದಂತಾಯಿತು. ಅದೇ ಹುರುಪಿನಲ್ಲಿ ತಿರುಗಿ ನೋಡಿದರೆ ಅವಳಿನ್ನೂ ಹತ್ತಿರಲಿಲ್ಲ. ಚಿಂದಿ ಸುತ್ತಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೀರಿನ ಅಂಚಿನಲ್ಲಿ ನಿಂತಿದ್ದಳು. ಅಂಬಿಗ ಬಗ್ಗಿ ಕೈ ಚಾಚಿದ.

“ಬಾ ತಾಯಿ.”

“ನಿಂದಾ ಇದು?” ಎಂದು ಕೇಳಿದಳು.

“ನಂದೇ.”

“ಹಾಗಾದ್ರೆ ಮೊನ್ನೇನೂ ನಿಂದೇ ಆಗಿತ್ತಲ್ಲ.”

ಚಾಚಿದ ಕೈಯನ್ನು ಅವಳು ಮುಟ್ಟಲಿಲ್ಲ. ಇನ್ನೊಬ್ಬ ಹೆಂಗಸಿನ ಭುಜ ಹಿಡಿದು ಹತ್ತಿದಳು. ಕಿಕ್ಕಿರಿದ ದೋಣಿಯಲ್ಲಿ ಉಳಿದಿದ್ದ ಜಾಗ ಒಂದೇ, ಅವನ ಎದುರಿನದು. ಅಲ್ಲಿ ಕೂತಳು.

ಹುಟ್ಟು ಎಳೆಯುವವನು ಕೂರುವ ರೀತಿಯೇ ಹಾಗೆ: ಹೋಗುವ ದಡಕ್ಕೆ ಬೆನ್ನು, ಹತ್ತಿದವರಿಗೆ ಮುಖ. ಬೆನ್ನ ಹಿಂದೆ ಸೀಟಿಗಳು ಹತ್ತಿರವಾಗುತ್ತಿದ್ದವು, ಯಾರೋ ಲಾಠಿಯಿಂದ ಜೀಪಿನ ತಗಡು ಬಡಿಯುತ್ತಿದ್ದರು. ಅಂಬಿಗನಿಗೆ ಅದು ಯಾವುದೂ ಕಾಣುತ್ತಿರಲಿಲ್ಲ. ಒಂದೊಂದು ಎಳೆತಕ್ಕೂ ಮೊದಲು ಅವನ ಮೈ ಮುಂದೆ ಬಾಗುತ್ತಿತ್ತು. ಒಂದೊಂದು ಸಲ ಬಾಗಿದಾಗಲೂ ಅವಳ ಮಡಿಲಲ್ಲಿದ್ದ, ಚಿಂದಿ ಸಡಿಲಗೊಂಡು ಹೊರಚಾಚಿದ್ದ, ಬಾತು ಕಪ್ಪಾದ ನಾಲ್ಕು ಬೆರಳು ಅವನ ಮುಖದ ಹತ್ತಿರಕ್ಕೆ ಬರುತ್ತಿದ್ದವು.