ಹೆಪ್ಪುಗಟ್ಟಿದ ಹರಳೆಣ್ಣೆ

ಸಾವಿರದ ಒಂಬೈನೂರ ಐವತ್ತೈದರ ಸುಮಾರಿಗೆ ಹುಣಸೂರಿನಲ್ಲಿ ಗುರುಮಲ್ಲಪ್ಪನವರ ಲೇತ್ ಯಂತ್ರಕ್ಕೆ ಹೆಸರಿದ್ದದ್ದು ಅದರ ಮಡಿಗೆ. ಕಬ್ಬಿಣ ಕೊರೆಯುವಾಗ ಉಳಿ ಕಾಯದಿರಲೆಂದು ಬೇರೆಯವರು ಕಂಪನಿಯ ಡಬ್ಬದೆಣ್ಣೆ ಹೊಯ್ಯುತ್ತಿದ್ದರು. ಅದರಲ್ಲಿ ಹಂದಿಕೊಬ್ಬು ಇರುತ್ತದೆಂದು ಗುರುಮಲ್ಲಪ್ಪನವರು ಅದನ್ನು ಹೊಸಿಲು ದಾಟಿಸಿರಲಿಲ್ಲ. ಇಲ್ಲಿ ಬರೀ ಹರಳೆಣ್ಣೆ; ಅದೂ ಒಬ್ಬಳೇ ಮಗಳು ನೀಲಾಂಬಿಕೆ ಹಿತ್ತಲಲ್ಲಿ ಹರಳು ಹುರಿದು, ಕುಟ್ಟಿ, ಕುದಿಸಿ ತೆಗೆದದ್ದು.

ಲೇತು ನಡೆಸುವವನು ಮನೆಯಳಿಯ ಪುಟ್ಟಮಲ್ಲಪ್ಪ. ಮನೆಯಳಿಯನ ಪಾಡು ಕೇಳಬೇಕೆ? ಕರೆದಾಗ ಏಳಬೇಕು, ಮಾವ ಕೆಮ್ಮಿದರೆ ಕೂರಬೇಕು. ಕೆ.ಆರ್. ನಗರದ ವರ್ಕ್‌ಶಾಪಿನವರು ಇರಲು ಮನೆ ಕೊಡುತ್ತೇವೆಂದು ಕರೆದಿದ್ದರು. ಹೆಂಡತಿಯೊಡನೆ ಸ್ವಂತ ಒಲೆ ಹೂಡುವ ಆಸೆ ಅವನನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ. ಆದರೆ ಅಲ್ಲಿ ಡಬ್ಬದೆಣ್ಣೆ.

“ಕೊಬ್ಬು ಮುಟ್ಟಿದ ಕೈಲಿ ಲಿಂಗ ಮುಟ್ಟೋನ ಜೊತೆ ನನ್ ಮಗಳ್ನ ಕಳ್ಸಾಕಿಲ್ಲ ಕಣಪ್ಪ,” ಎಂದಿದ್ದರು ಮಾವ. ನೀಲಾಂಬಿಕೆ ತಲೆ ತಗ್ಗಿಸಿದ್ದಳು. ಮಾತು ಅಲ್ಲಿಗೆ ಮುಗಿದಿತ್ತು.

ಪುಷ್ಯಮಾಸದ ಚಳಿ. ಒಂದು ಬೆಳಗ್ಗೆ ಕಬ್ಬಿನ ಗಾಣದ ಬೋಲ್ಟಿಗೆ ತಿರುಪಿನ ಥ್ರೆಡ್ಡು ಹೊಡೆಯಲು ನಿಂತು ಪುಟ್ಟಮಲ್ಲಪ್ಪ ಎಣ್ಣೆಯ ಡಬ್ಬ ಬಗ್ಗಿಸಿದರೆ ಏನೂ ಬೀಳಲಿಲ್ಲ. ಬೆರಳು ಹಾಕಿ ನೋಡಿದ. ವಾಸನೆ ಹರಳೆಣ್ಣೆಯದೇ, ಒಳಗೆಲ್ಲ ಕೊಬ್ಬಿನಂತೆ ಬೆಳ್ಳಗೆ ಹೆಪ್ಪು. ಹರಳೆಣ್ಣೆ ಈ ಊರಿನ ಯಾವ ಚಳಿಗೂ ಹೆಪ್ಪುಗಟ್ಟಿದ್ದನ್ನು ಅವನು ಕಂಡಿರಲಿಲ್ಲ.

ಹಿಂದೆ ಬಂದು ನಿಂತ ಮಾವ ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. “ಹರಳೆಣ್ಣೆಗೆ ಕೊಪ್ಪದ ಸಂತೇಲಿ ಗಿರಾಕಿ ಜಾಸ್ತಿ ಕಣಪ್ಪ. ಒಳ್ಳೇದು ಅಲ್ಲಿಗೋಯ್ತದೆ; ಯುಗಾದಿಯಿಂದ ಇಲ್ಲಿಗೆ ಡಬ್ಬದೆಣ್ಣೇನೂ ಬೆರೀತಾ ಐತೆ.”

“ಮತ್ತೆ ನನ್ ಕೈ, ಮಾವ?”

“ನಿನ್ ಕೈ ಯುಗಾದಿಯಿಂದ್ಲೂ ಅದ್ರಲ್ಲೇ ಐತೆ. ಯಾರ್ಗೆ ಏಳ್ತೀಯ, ಏಳು.”

ಪುಟ್ಟಮಲ್ಲಪ್ಪ ಬೆರಳನ್ನು ಪಂಚೆಗೆ ಒರೆಸಿಕೊಂಡ. ಅದರ ಬೆನ್ನಿಗೇ ನಾಚಿಕೆಗೆಟ್ಟ ಸಂತೋಷ: ಇನ್ನೇನು ಅಡ್ಡಿ? ಹಿತ್ತಲಿಗೆ ಓಡಿ ಹೆಂಡತಿಗೆ ಎಲ್ಲ ಹೇಳಿದ. “ಅಲ್ಲೂ ಅದೇ ಎಣ್ಣೆ, ಇಲ್ಲೂ ಅದೇ ಎಣ್ಣೆ. ಗಂಟು ಕಟ್ಟು, ಓಗುವಾ.”

ನೀಲಾಂಬಿಕೆ ಹರಳು ಹುರಿಯುವುದನ್ನು ನಿಲ್ಲಿಸಲಿಲ್ಲ.

“ಡಬ್ಬಕ್ಕೆ ಬೆರೆಸ್ತಿದ್ದೋಳೇ ನಾನು ಕಣ್ರೀ,” ಎಂದಳು. “ಅಪ್ಪಯ್ಯನ್ನ ಒಬ್ರನ್ನೇ ಬುಟ್ಟು ನಾನೆಲ್ಲಿಗೂ ಬರಾಕಿಲ್ಲ. ಗೊತ್ತಾದ್ರೆ ಒಂಟೋಯ್ತೀರಿ ಅಂತ ಏಳ್ನಿಲ್ಲ.”

ಪೂಜೆಯ ಹೊತ್ತಾಗಿತ್ತು. ಅವಳೇ ಎದ್ದು ಎಂದಿನಂತೆ ಅವನ ಕೈಗೆ ನೀರು ಹಾಕಿದಳು, ವಿಭೂತಿ ತಂದಿಟ್ಟಳು. ನಡುಮನೆಯಲ್ಲಿ ಮಾವ ಕೆಮ್ಮಿದರು.

ಪುಟ್ಟಮಲ್ಲಪ್ಪ ಕೂತ. ಲಿಂಗಕ್ಕೆ ಅಂಗೈ ಒಡ್ಡಿದ. ಬೆರಳ ಸಂದಿಯ ಬಿಳಿ ಜಿಡ್ಡು ಇನ್ನೂ ಹೋಗಿರಲಿಲ್ಲ.