ಬಟ್ಟಲಿಗೆ ಎಷ್ಟು ಚಹಾ

ಉದ್ದ ಲೋಟದಲ್ಲಿ ನೀರು ಇನ್ನೂ ಅಲುಗಾಡುತ್ತಿದೆ, ಕಿಟಕಿಯಾಚೆಯ ಹಿಮಬೆಟ್ಟ ಅದರೊಳಗೆ ತಲೆಕೆಳಗಾಗಿ ನಡುಗುತ್ತಿದೆ, ಜಿಪಾರ್ ಅದಕ್ಕೆ ಸುರಿದು ಖಾಲಿಯಾದ ಗಿಡ್ಡ ಲೋಟವನ್ನು ಪಕ್ಕಕ್ಕಿಟ್ಟಳು, ಅಷ್ಟೇ ನೀರಿನ ಅದರ ಜೋಡಿ ಗಿಡ್ಡ ಲೋಟ ತುಂಬಿಯೇ ಇದೆ, ಎದುರಿಗೆ ಏಳು ವರ್ಷದ ಬುರುಲ್, ಕುರಿ ಮೇಯಿಸುವವರ ಮಗಳು, ಕೆನ್ನೆ ಗಾಳಿಗೆ ಒಡೆದಿದೆ, ಈಗ ಯಾವುದರಲ್ಲಿ ಹೆಚ್ಚು ನೀರಿದೆ ಪುಟ್ಟಿ, ಎರಡರಲ್ಲೂ ಒಂದೇ, ಸರಿಯಾಗಿ ನೋಡು, ಯಾವುದರಲ್ಲಿ ಹೆಚ್ಚು, ಹುಡುಗಿ ಅವಳ ಮುಖ ನೋಡಿ ಉದ್ದ ಲೋಟಕ್ಕೆ ಬೆರಳು ಮಾಡಿದಳು, ಮುಗಿಯಿತು, ಶಾಲೆ ಸೇರುವ ಮಕ್ಕಳ ಪರೀಕ್ಷೆಯ ನಮೂನೆಯಲ್ಲಿ ಒಂದು ಗೆರೆ ಎಳೆದರೆ ಸಾಕು, ಹಂತ ತಲುಪಿಲ್ಲ, ಊರ ಶಾಲೆಯಲ್ಲ, ಪಟ್ಟಣದ ಮಂದಬುದ್ಧಿಯವರ ವಸತಿಶಾಲೆ — ಕಾಲೇಜು ಹಾಸ್ಟೆಲಿನಲ್ಲಿ ಜಿಪಾರ್ ಓದಿದ ಪುಸ್ತಕದಲ್ಲಿ ಮಕ್ಕಳ ಬುದ್ಧಿ ಬೆಳೆಯುವ ಮೆಟ್ಟಿಲುಗಳ ಚಿತ್ರವಿತ್ತು, ಎರಡು ವರ್ಷಕ್ಕೊಂದು, ಏಳಕ್ಕೊಂದು, ಹನ್ನೊಂದಕ್ಕೊಂದು, ಯಾವ ಮಗುವೂ ಮೆಟ್ಟಿಲು ಹಾರುವುದಿಲ್ಲ, ಸುಳ್ಳೂ ಅಲ್ಲ, ಐದು ವರ್ಷದ ಮಕ್ಕಳು ಇಲ್ಲೂ ರಾಜಧಾನಿ ಬಿಷ್ಕೆಕ್‌ನಲ್ಲೂ ಉದ್ದ ಲೋಟಕ್ಕೇ ಬೆರಳು ಮಾಡುತ್ತವೆ, ಅದನ್ನು ಕಣ್ಣಾರೆ ಕಂಡ ದಿನ ಮೈ ಜುಮ್ಮೆಂದಿತ್ತು, ಮಗು ದಡ್ಡ ಅಲ್ಲ, ಬೇರೆ ಥರ ಯೋಚಿಸುತ್ತದೆ, ಅಷ್ಟನ್ನು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ, ನಿನ್ನೆಯಿಂದಂತೂ ಆ ಮೆಟ್ಟಿಲೊಂದೇ ಆಸರೆ — ನಿನ್ನೆ ಅತ್ತೆಯ ಮನೆ, ಮೇರಿಮ್, ಚೊಚ್ಚಲ ಮಗು ಅಜ್ಜ-ಅಜ್ಜಿಯರದು ಎಂಬ ಪದ್ಧತಿಯಂತೆ ಜಿಪಾರ್ ನಲವತ್ತನೆಯ ದಿನ ಎತ್ತಿ ಕೊಟ್ಟ ಮಗಳು, ಎದೆಗೆ ಬಟ್ಟೆ ಬಿಗಿದು ಹಾಲು ಇಂಗಿಸಿಕೊಂಡದ್ದು, ಈಗ ಅವಳಿಗೂ ಏಳು, ಅಜ್ಜಿಯನ್ನು ಅಮ್ಮ ಅನ್ನುತ್ತಾಳೆ, ಹೆತ್ತವಳನ್ನು ಅಕ್ಕ, ಕೂತ್ಕೊಳ್ಳಿ ಅಕ್ಕಾ, ನೀರು ಕುದಿಯುವ ಸಮೋವರ್ ಪಕ್ಕ ತಾನೇ ಕುಳಿತು ಚಹಾ ಬಗ್ಗಿಸಿದಳು, ಬಟ್ಟಲಿನ ಅಂಚಿನವರೆಗೆ, ಅತ್ತೆ ತಲೆ ತಗ್ಗಿಸಿದಳು, ಜಿಪಾರ್ ನಕ್ಕಳು, ಏಳು ವರ್ಷ, ಇನ್ನೊಬ್ಬರ ಮನಸ್ಸಿನಲ್ಲಿ ನಿಂತು ನೋಡುವ ಹಂತವೇ ಅಲ್ಲ, ಹೆಚ್ಚು ಚಹಾ ಎಂದರೆ ಹೆಚ್ಚು ಪ್ರೀತಿ, ಅಷ್ಟೇ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡಳು — ಪೆನ್ನು ನಮೂನೆಯ ಮೇಲಿದೆ, ಓಡುತ್ತಿಲ್ಲ, ಮೊದಲು ಒಂದೇ ಅಂದೆಯಲ್ಲ ಬುರುಲ್, ಆಮೇಲೆ ಯಾಕೆ ಬದಲಾಯಿಸಿದೆ, ನೀವು ಮತ್ತೆ ಕೇಳಿದ್ರಲ್ಲ ಟೀಚರ್, ತಪ್ಪು ಹೇಳಿದ್ನೇನೋ ಅನ್ಕೊಂಡೆ, ನೀರು ಅದೇನೇ, ನೀವೇ ಸುರಿದ್ರಿ, ಗೊತ್ತಿದ್ದೂ ಯಾಕ್ ಕೇಳ್ತೀರ, ಮೆಟ್ಟಿಲು ಕಾಲಡಿಯಿಂದ ಜರುಗಿತು, ದೊಡ್ಡವರು ಎರಡನೆಯ ಸಲ ಕೇಳಿದರೆ ಉತ್ತರ ಬದಲಿಸಬೇಕು ಎನ್ನುವುದು ಯಾವ ಹಂತದ ಬುದ್ಧಿ, ಪುಸ್ತಕದಲ್ಲಿಲ್ಲ, ಇನ್ನೊಂದನ್ನು ಅವಳು ಕೇಳಬಾರದಿತ್ತು, ನಮೂನೆಯಲ್ಲಿಲ್ಲದ ಪ್ರಶ್ನೆ, ಮನೆಗೆ ನೆಂಟರು ಬಂದ್ರೆ ಬಟ್ಟಲಿಗೆ ಎಷ್ಟು ಚಹಾ ಹಾಕ್ತೀಯ ಬುರುಲ್, ಹುಡುಗಿ ಮೊದಲ ಸಲ ನಕ್ಕಳು, ತಳದಲ್ಲಿ ಇಷ್ಟೇ, ಅವ್ರು ಮತ್ತೆ ಮತ್ತೆ ಬಟ್ಟಲು ಚಾಚ್ಬೇಕು, ಕೂತಿರ್ಬೇಕು, ತುಂಬಿಸಿಬಿಟ್ರೆ ಕುಡಿದು ಎದ್ದು ಹೋಗಿ ಅಂದ ಹಾಗೆ, ಯಾವಾಗಿಂದ ಗೊತ್ತು ಇದು ನಿನಗೆ, ಯಾರಿಗ್ ಗೊತ್ತಿಲ್ಲ ಟೀಚರ್, ನನ್ ತಂಗೀಗೂ ಗೊತ್ತು, ಅವಳಿಗಿನ್ನೂ ನಾಲ್ಕು — ಜಿಪಾರ್ ಬರೆದಳು, ಊರ ಶಾಲೆಗೆ ಯೋಗ್ಯಳು, ಸಹಿ, ಹುಡುಗಿ ಓಡಿದಳು, ಲೋಟ ತೊಳೆಯಬೇಕು, ನಾಲ್ಕಕ್ಕೇ ಗೊತ್ತು, ಹಾಗಾದರೆ ಏಳರ ಮೇರಿಮ್‌ಗೆ, ಎರಡು ಪುಟ್ಟ ಕೈ, ಒಂದು ಹನಿಯೂ ಚೆಲ್ಲದ ಹಾಗೆ, ಅಂಚಿನವರೆಗೆ, ಬಟ್ಟಲು