ಸಹಿಯಿಲ್ಲದ ಹತ್ತು ದಿನ

ಶನಿವಾರ ಬೆಳಿಗ್ಗೆ ಆರ್ಡಿಸ್ ಕ್ಯಾಲೆಂಡರಿನಲ್ಲಿ ಹತ್ತನೆಯ ಗೀಟು ಎಳೆದಳು. ವಾಷಿಂಗ್ಟನ್ನಿನಿಂದ ಸದ್ದಿಲ್ಲ. ಅವಳು ಕೂತು ಅಳುವ ಪೈಕಿಯಲ್ಲ. ತೀರಿಹೋದ ಗಂಡ ಪಾಲ್ಮರನ ಸೂಟ್‌ಕೇಸನ್ನು ಮಂಚದಡಿಯಿಂದ ಎಳೆದು, ಉಣ್ಣೆ ಬಟ್ಟೆ, ಬೈಬಲ್ಲು, ಆಲೂಗಡ್ಡೆ ರೊಟ್ಟಿಯ ಲಟ್ಟಣಿಗೆ ತುಂಬತೊಡಗಿದಳು. ಮಗಳನ್ನು ದೇಶದಿಂದ ಅಟ್ಟುವುದಾದರೆ ತಾನೂ ಜೊತೆಗೆ ಹೊರಡುವುದೇ ಸೈ ಎಂದು ಎಂಬತ್ತನಾಲ್ಕರ ಆ ಮುದುಕಿ ತೀರ್ಮಾನಿಸಿಬಿಟ್ಟಿದ್ದಳು.

ತಪ್ಪು ಅವಳದೇ. ಐವತ್ತು ವರ್ಷದ ಹಿಂದೆ ಗಂಡಹೆಂಡಿರು ಕೊರಿಯಾದಿಂದ ಮೂರು ವರ್ಷದ ಕೂಸನ್ನು ಉತ್ತರ ಡಕೋಟಾದ ಈ ಊರಿಗೆ ತಂದು ಮಾರ್ಲಿಸ್ ಎಂದು ಹೆಸರಿಟ್ಟರು. ಇಲ್ಲಿನ ನ್ಯಾಯಾಧೀಶರು ದತ್ತುಪತ್ರಕ್ಕೆ ಮೊಹರು ಒತ್ತಿ, ಕೂಸಿನ ಕೈಗೊಂದು ಪೆಪ್ಪರಮಿಂಟು ಕೊಟ್ಟು ಕಳಿಸಿದರು. ನ್ಯಾಯಾಧೀಶರೇ ಒತ್ತಿದ ಮೇಲೆ ಇನ್ನೇನು ಬಾಕಿ ಎಂದು ಆರ್ಡಿಸ್ ನಿಶ್ಚಿಂತೆಯಾಗಿದ್ದಳು. ಆ ಮೊಹರು ಕೂಸನ್ನು ಅವಳ ಮಗಳಾಗಿಸಿತ್ತೇ ಹೊರತು ದೇಶದ ಪ್ರಜೆಯಾಗಿಸಿರಲಿಲ್ಲ. ಅದಕ್ಕೆ ಬೇರೆ ಕಚೇರಿ, ಬೇರೆ ಅರ್ಜಿ. ಶಾಲೆಯ ಬಸ್ಸು ಓಡಿಸುತ್ತ, ಚರ್ಚಿನಲ್ಲಿ ಎಲ್ಲರಿಗೂ ಕಾಫಿ ಕಾಸುತ್ತ ಇದ್ದ ಮಾರ್ಲಿಸ್ ಐವತ್ತು ದಾಟಿದ ಮೇಲೆ ಪಾಸ್‌ಪೋರ್ಟ್ ಕೇಳಲು ಹೋದಾಗ ವಿಷಯ ಹೊರಬಿತ್ತು.

ಆಮೇಲೆ ಅಲೆದದ್ದೇ ಅಲೆದದ್ದು. ಕೂಸಾಗಿದ್ದಾಗ ಪ್ರವಾಸಿ ವೀಸಾದಲ್ಲಿ ಬಂದವರು ಇಷ್ಟು ವರ್ಷ ಇದ್ದದ್ದೇ ಅಪರಾಧ, ಹೊರಡಿ ಎಂದಿತು ವಲಸೆ ಇಲಾಖೆ. ಫೆಡರಲ್ ನ್ಯಾಯಾಧೀಶೆಯ ಮುಂದೆ ನಿಂತಾಗ ಆಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

“ನನ್ನ ಕೈ ಕಟ್ಟಿದೆ ಕಣಮ್ಮ. ಕಾನೂನು ಓದಿ ಹೇಳೋದಷ್ಟೇ ನನ್ನ ಕೆಲಸ. ಬರೆಯೋರು ವಾಷಿಂಗ್ಟನ್ನಲ್ಲಿ ಕೂತಿದಾರೆ, ಅವರನ್ನ ಹಿಡೀರಿ.”

ಆರ್ಡಿಸ್ ಹಿಡಿದಳು. ಸಂಸದರ ಸ್ಥಳೀಯ ಕಚೇರಿಯಲ್ಲಿದ್ದ ಡ್ವೇನ್ ಎಂಬ ನೌಕರನ ಬೆನ್ನು ಬಿದ್ದು, ಅವನ ತಲೆ ತಿಂದು, ಮಾರ್ಲಿಸ್ ಒಬ್ಬಳ ಹೆಸರಿಗೇ ಒಂದು ಮಸೂದೆ ಬರೆಸಿದಳು. ಅಂಥ ಮಸೂದೆಗಳನ್ನು ಕೆಳಮನೆಯಲ್ಲಿ ಮಂಗಳವಾರ ಒಂದೊಂದಾಗಿ ಕೂಗಿ ಒಪ್ಪಿಗೆ ಕೇಳುತ್ತಾರೆ. ಇಬ್ಬರು ಎದ್ದು ಬೇಡವೆಂದರೆ ಮುಗಿಯಿತು, ಮತ್ತೆ ಸಮಿತಿಗೆ. ಟಿವಿಯ ಮುಂದೆ ಆರ್ಡಿಸ್ ಕೂತಿದ್ದಳು. ಒಬ್ಬ ಎದ್ದ. ಪುಣ್ಯಕ್ಕೆ ಎರಡನೆಯವನು ಏಳಲಿಲ್ಲ. ಸೆನೆಟ್ಟನ್ನೂ ದಾಟಿದ ಮಸೂದೆ ಒಂದು ಬುಧವಾರ ಅಧ್ಯಕ್ಷರ ಮೇಜು ಸೇರಿತು. ಸಹಿ ಹಾಕಲು ಇಲ್ಲವೇ ವಾಪಸ್ ಕಳಿಸಲು ಅವರಿಗಿರುವುದು ಹತ್ತು ದಿನ. ಆ ಹತ್ತು ದಿನವೇ ಈಗ ಮುಗಿದಿತ್ತು.

ಕೋಣೆಗೆ ಬಂದ ಮಾರ್ಲಿಸ್ ಸೂಟ್‌ಕೇಸು ನೋಡಿ ಬಾಗಿಲಲ್ಲೇ ನಿಂತಳು.

“ಇದೇನಮ್ಮ, ಲಟ್ಟಣಿಗೆ ಯಾವೂರಿಗೆ?”

“ಕೊರಿಯಾಕ್ಕೆ. ಅಲ್ಲಿ ಸಿಗುತ್ತೋ ಇಲ್ವೋ.”

“ನಿಂಗೆ ಅಲ್ಲಿನ ಭಾಷೆ ಒಂದಕ್ಷರ ಬರಲ್ಲ!”

“ನಿಂಗೇನು ಬರುತ್ತಾ? ಇಬ್ಬರೂ ಕೈಸನ್ನೆ ಮಾಡ್ಕೊಂಡು ಬದುಕೋಣ.”

ಮಾರ್ಲಿಸ್ ನಗಬೇಕೋ ಅಳಬೇಕೋ ತಿಳಿಯದೆ ಡ್ವೇನ್‌ಗೆ ಫೋನ್ ಹಚ್ಚಿ ಅಮ್ಮನ ಕೈಗೆ ಕೊಟ್ಟಳು.

“ಅಜ್ಜಿ, ನೀವು ಭಾನುವಾರಾನೂ ಸೇರಿಸಿ ಎಣಿಸಿದೀರ,” ಎಂದ ಅವನು. “ಅದು ಲೆಕ್ಕಕ್ಕಿಲ್ಲ. ಸಂವಿಧಾನದಲ್ಲೇ ಬರೆದಿದೆ. ಸೋಮವಾರ ಮುಗಿಯೋವರೆಗೂ ಟೈಮಿದೆ.”

“ಅಂತೂ ಚರ್ಚಿಗೆ ಹೋಗೋರೇ ಬರೆದಿರಬೇಕು. ಆಗಲೂ ಸಹಿ ಬೀಳದಿದ್ರೆ?”

“ಬೀಳದಿದ್ರೆ ಬೇಡ ಬಿಡಿ. ಸದನ ನಡೀತಿದೆಯಲ್ಲ, ಅವರು ಸುಮ್ಮನಿದ್ದುಬಿಟ್ರೆ ತಾನಾಗೇ ಕಾನೂನಾಗುತ್ತೆ. ಒಪ್ಪಲ್ಲ ಅಂತ ವಾಪಸ್ ಕಳಿಸಿದ್ರೆ ಮಾತ್ರ ಕಷ್ಟ.”

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಲೋಕಶಾಂತಿಗೆ ಪ್ರಾರ್ಥಿಸುತ್ತಿದ್ದರೆ, ಆರ್ಡಿಸ್ ಮಾತ್ರ ಆ ಅಧ್ಯಕ್ಷನ ಕೈಗೆ ಪೆನ್ನೇ ಸಿಗದಿರಲಿ ಎಂದು ಬೇಡಿಕೊಂಡಳು. ಸೋಮವಾರವಿಡೀ ಫೋನಿನ ಪಕ್ಕ ಕೂತಳು. ಅದು ಹೊಡೆದುಕೊಂಡರೆ ಎದೆ ಧಸಕ್ಕೆನ್ನುತ್ತಿತ್ತು, ಹೊಡೆದುಕೊಳ್ಳದಿದ್ದರೂ ಧಸಕ್ಕೆನ್ನುತ್ತಿತ್ತು. ಪಕ್ಕದ ಮನೆಯವಳು ಸಕ್ಕರೆ ಕೇಳಲು ಫೋನ್ ಮಾಡಿ ಚೆನ್ನಾಗಿ ಬೈಸಿಕೊಂಡಳು.

ಮಂಗಳವಾರ ಬೆಳಿಗ್ಗೆ ಡ್ವೇನ್ ಫೋನ್ ಮಾಡಿದ.

“ಅಜ್ಜಿ, ಸಹಿ ಬಿದ್ದಿಲ್ಲ. ವಾಪಸ್ಸೂ ಬಂದಿಲ್ಲ. ಕಾನೂನಾಯ್ತು! ಮಾರ್ಲಿಸ್ ಈಗ ಈ ದೇಶದ ಪ್ರಜೆ.”

“ಆತ ಒಂದು ಮಾತೂ ಆಡಲಿಲ್ವಾ?”

“ಊಹೂಂ.”

“ಹಾಗಾದ್ರೆ ನಮ್ಮ ಹಾಗೆ ನಾರ್ವೆ ಮೂಲದೋನೇ, ಬಾಯಿ ಬಿಡದ ಜನ. ನಮ್ಮ ಪಾಲ್ಮರೂ ಹಾಗೇ, ಮದುವೆಗೆ ಒಪ್ಪಿಗೆ ಅಂತ ಬಾಯ್ಬಿಟ್ಟು ಹೇಳಿದ್ದೇ ನಂಗೆ ನೆನಪಿಲ್ಲ.”

ಫೋನಿಟ್ಟ ಮೇಲೆ ಅವಳ ಜಂಬವೆಲ್ಲ ಇಳಿದುಹೋಯಿತು. ಎರಡು ವರ್ಷ ಕಚೇರಿ ಕಚೇರಿ ಸುತ್ತಿ ಎಲ್ಲರ ಜೊತೆ ಜಗಳ ಕಾದವಳು, ಮಗಳ ಮುಂದೆ ಆಡಬೇಕಾದ ಒಂದು ಮಾತನ್ನು ಮಾತ್ರ ನುಂಗಿಕೊಂಡೇ ಬಂದಿದ್ದಳು. ಈಗ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಗಳಗಳನೆ ಅತ್ತಳು.

“ಅರ್ಜಿ ಹಾಕದೆ ಬಿಟ್ಟೋಳು ನಾನು ಕಣೇ. ಅವರು ಯಾರೂ ಅಲ್ಲ, ನಾನು. ನನ್ನ ಕ್ಷಮಿಸ್ತೀಯಾ? ಬೇಗ ಹೇಳೇ, ಇನ್ನೂ ಹತ್ತು ದಿನ ಕಾಯೋಕೆ ನನ್ನ ಕೈಲಾಗಲ್ಲ.”

ಮಾರ್ಲಿಸ್ ಬಂದು ಅಮ್ಮನ ಕಾಲ ಬಳಿ ನೆಲದ ಮೇಲೇ ಕೂತು, ಆ ಸುಕ್ಕುಗಟ್ಟಿದ ಕೈಗಳನ್ನು ಹಿಡಿದುಕೊಂಡಳು.

“ಅದಕ್ಕೆ ನಾನು ಸಹಿ ಹಾಕಿ ಎರಡು ವರ್ಷ ಆಯ್ತಮ್ಮ. ಪಾಸ್‌ಪೋರ್ಟ್ ಕೊಡಲ್ಲ ಅಂದ ದಿನ ನೀನು ಊಟ ಬಿಟ್ಟು ಕೂತಿದ್ಯಲ್ಲ, ಅವತ್ತೇ. ನಿಂಗೆ ತಲುಪಿಸೋದನ್ನ ಮರೆತೆ, ಅಷ್ಟೇ.”